ಸಾಲ ಕೊಟ್ಟವನು ಮಕ್ಕಳನ್ನು ಕೇಳಿದಾಗ

ಆಧಾರ ಪಾಠ: ಅರಸುಗಳು ಎರಡನೆಯ ಪುಸ್ತಕ, 4ನೇ ಅಧ್ಯಾಯ, 1ರಿಂದ 7ನೇ ವಚನಗಳು



ಈಗ ಓದಿದ ಪಾಠದಲ್ಲಿ ಒಬ್ಬ ವಿಧವೆ ಪ್ರವಾದಿಯಾದ ಎಲೀಷನ ಮುಂದೆ ಮೊರೆಯಿಡುತ್ತಾಳೆ. ಗಂಡ ತೀರಿಹೋಗಿದ್ದಾನೆ. ಅವನು ದೇವರಿಗೆ ಭಯಪಟ್ಟು ನಡೆದವನು, ಪ್ರವಾದಿಗಳ ಮಂಡಲಿಗೆ ಸೇರಿದವನು. ಅದು ಎಲೀಷನಿಗೂ ಗೊತ್ತು. ಅಂಥವನು ಹೆಂಡತಿಗೆ ಬಿಟ್ಟುಹೋದದ್ದು ಸಾಲ. ಸಾಲ ಕೊಟ್ಟವನು ಬಾಗಿಲಿಗೆ ಬಂದಿದ್ದಾನೆ. ಹೊಲ, ದನ, ಒಡವೆ ಯಾವುದರ ಮಾತೂ ಇಲ್ಲಿಲ್ಲ. ಬಹುಶಃ ಅವೆಲ್ಲ ಆ ಮನೆಯಲ್ಲಿ ಎಂದೋ ಮುಗಿದಿದ್ದವು. ಉಳಿದದ್ದು ಇಬ್ಬರು ಗಂಡುಮಕ್ಕಳು. ಅವರನ್ನೇ ದುಡಿಸಿಕೊಳ್ಳಲು ಒಯ್ಯುತ್ತೇನೆ ಅನ್ನುತ್ತಾನೆ.

ನಮ್ಮ ಸಭೆಗಳಲ್ಲಿ ಈ ಪಾಠವನ್ನು ಓದುವುದು ಎಣ್ಣೆ ಹೆಚ್ಚಿದ ಅದ್ಭುತಕ್ಕಾಗಿ. ಈ ಹೊತ್ತು ನೀವು ಆ ಇಬ್ಬರು ಹುಡುಗರ ಮೇಲೆ ಕಣ್ಣಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಸಾಲದವನು ಬಾಗಿಲಲ್ಲಿ ನಿಂತು ಆಡಿದ ಮಾತು ಒಂದೇ ಕೋಣೆಯ ಮನೆಯಲ್ಲಿ ಅವರ ಕಿವಿಗೆ ಬೀಳದೆ ಇದ್ದೀತೆ? ಅಪ್ಪ ಸತ್ತ ದುಃಖ ಇನ್ನೂ ಹಸಿಯಾಗಿರುವಾಗಲೇ, ಅಪ್ಪನ ಸಾಲಕ್ಕೆ ತಾವೇ ಅಡವು ಎಂದು ಆ ಮಕ್ಕಳು ತಿಳಿದುಕೊಂಡರು. ಅವರ ವಯಸ್ಸೆಷ್ಟು ಎಂದು ಗ್ರಂಥ ಹೇಳುವುದಿಲ್ಲ. ಆದರೆ ಆ ದಿನದಿಂದ ಅವರು ಮಕ್ಕಳಾಗಿ ಉಳಿದಿರಲಾರರು.

ಈ ಕಥೆಯನ್ನು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ನಮ್ಮ ಸಭೆಗಳಲ್ಲಿ ಕುಳಿತಿರುವ ಎಷ್ಟೋ ಜನರ ಅಜ್ಜಂದಿರು ದೊಡ್ಡವರ ಮನೆಗಳಲ್ಲಿ ಜೀತಕ್ಕಿದ್ದವರು. ಮದುವೆಗೋ ಕಾಯಿಲೆಗೋ ಪಡೆದ ಕೈಸಾಲಕ್ಕೆ ಎಂಟು-ಹತ್ತು ವರ್ಷದ ಹುಡುಗನನ್ನು ದನ ಕಾಯಲು ಬಿಟ್ಟುಬಂದ ಮನೆತನಗಳು ನಮ್ಮವು. 1976ರಲ್ಲಿ ಜೀತವನ್ನು ಕಾನೂನು ರದ್ದು ಮಾಡಿತು. ಮಿಷನ್ ಬೋರ್ಡಿಂಗ್‌ಗಳಲ್ಲಿ ಓದಿ ಮೇಲೆ ಬಂದವರೂ ನಮ್ಮಲ್ಲಿದ್ದಾರೆ, ದೇವರಿಗೆ ಸ್ತೋತ್ರ. ಆದರೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿ ಮಾಡಿದಾಗ, ಅದರಲ್ಲಿ 21 ಈ ಕಲಬುರಗಿ ವಿಭಾಗದವೇ ಆಗಿದ್ದವು. ಮಳೆ ನಂಬಿದ ಹೊಲ, ಕೈಗೆ ಹತ್ತದ ಬೆಳೆ, ಸುಗ್ಗಿ ಮುಗಿದೊಡನೆ ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಗುಳೆ. ಮೇಸ್ತ್ರಿ ಕೊಟ್ಟ ಮುಂಗಡ ಹಳೆಯ ಸಾಲಕ್ಕೆ ಹೋಗುತ್ತದೆ. ಮುಂಗಡ ತೀರಿಸಲು ಮನೆಮಂದಿಯೆಲ್ಲ ಹೋಗುತ್ತಾರೆ.

ಈಗ ಸಾಲ ಕೊಟ್ಟವನು ಮಕ್ಕಳ ಹೆಸರು ಹಿಡಿದು ಕೇಳುವುದಿಲ್ಲ. ವಾರದ ಕಂತು ಕೇಳುತ್ತಾನೆ, ಅಷ್ಟೇ. ಮಕ್ಕಳು ತಾವಾಗಿಯೇ ಹೋಗುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಬೆಳಗಿನ ಜಾವ ಟಂಟಂಗಳಲ್ಲಿ ಒತ್ತಿ ಕುಳಿತು ಹೋಗುವವರ ನಡುವೆ ಐದನೆಯ, ಆರನೆಯ ಇಯತ್ತೆಯ ಮುಖಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರು ಗೈರು. ಜನ ಅವರನ್ನು ಉಡಾಳರು ಅನ್ನುತ್ತಾರೆ. ಅವ್ವನ ಕಂತಿಗೆ ಕೂಡಿಸಲು ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸಿ ಬೆರಳು ಗೀರಿಕೊಂಡ ಮಗುವನ್ನು ಉಡಾಳ ಅನ್ನುವುದಕ್ಕೆ ನಮಗೆ ಬಾಯಾದರೂ ಹೇಗೆ ಬರುತ್ತದೆ?

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಕಂತಿನ ದಿನ ಅವ್ವ ಒಳಗೆ ಕುಳಿತು ಮಗುವನ್ನು ಬಾಗಿಲಿಗೆ ಕಳಿಸುತ್ತಾಳೆ, ಅವ್ವ ಮನೆಯಲ್ಲಿಲ್ಲ ಎಂದು ಹೇಳು ಎಂದು ಕಲಿಸಿ. ಸಂಡೇ ಸ್ಕೂಲಿನಲ್ಲಿ ಸುಳ್ಳು ಹೇಳಬಾರದೆಂದು ನಾವು ಪಾಠ ಮಾಡಿದ ಮಗುವೇ ಅದು. ಆ ತಾಯಿಯನ್ನು ದೂರಲು ನನ್ನಿಂದಾಗದು. ಹಣವಿಲ್ಲದ ಮನೆಯಲ್ಲಿ ಮಗು ಮೊದಲು ಕಲಿಯುವ ವಿದ್ಯೆಗಳಲ್ಲಿ ಇದೂ ಒಂದು: ದೊಡ್ಡವರ ಮುಖ ನೋಡಿ ಅಪಾಯ ಅಳೆಯುವುದು, ಬಾಗಿಲು ತಟ್ಟಿದರೆ ಸುಮ್ಮನಾಗುವುದು, ಬೇಕು ಅನ್ನುವ ಮಾತನ್ನು ನುಂಗಿಕೊಳ್ಳುವುದು.

ಬಡತನ ಮಗುವಿನ ದೇಹದಲ್ಲಿ ಎಲ್ಲಿಂದ ಕೆಲಸ ಶುರುಮಾಡುತ್ತದೆ ಎಂಬುದನ್ನು ತಾಯಂದಿರು ಗಮನವಿಟ್ಟು ಕೇಳಬೇಕು, ತಂದೆಯರು ಇನ್ನೂ ಹೆಚ್ಚು ಗಮನವಿಟ್ಟು ಕೇಳಬೇಕು. ಅದು ಶಾಲೆಯಲ್ಲಿ ಶುರುವಾಗುವುದಿಲ್ಲ, ಬಸುರಿನಲ್ಲೇ ಶುರುವಾಗುತ್ತದೆ. ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳಲ್ಲಿ ಮಿದುಳು ಕಟ್ಟಿಕೊಳ್ಳುವಷ್ಟು ವೇಗವಾಗಿ ಮುಂದೆಂದೂ ಕಟ್ಟಿಕೊಳ್ಳುವುದಿಲ್ಲ. ಎರಡು ವರ್ಷಕ್ಕೆ ಅದು ದೊಡ್ಡವರ ಮಿದುಳಿನ ತೂಕದ ಮುಕ್ಕಾಲಿಗೂ ಹೆಚ್ಚನ್ನು ಮುಟ್ಟಿರುತ್ತದೆ. ತೊಗರಿ ಹೂವಿಗೆ ಬಂದಾಗ ತೇವ ಕೈಕೊಟ್ಟರೆ ಆಮೇಲೆ ಸುರಿದ ಮಳೆಗೆ ಗಿಡ ಹಸಿರಾಗಿ ನಿಂತೀತು, ಕಾಯಿ ಮಾತ್ರ ಮೊದಲಿನಷ್ಟು ಕಟ್ಟದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಸಾವಿರ ದಿನಗಳಲ್ಲಿ ತಾಯಿಗೆ ರಕ್ತ ಕಡಿಮೆ, ಮಗುವಿಗೆ ಬರೀ ತೆಳು ಗಂಜಿ, ತಿಂಗಳು ತಿಂಗಳು ಭೇದಿ ಎಂದಾದರೆ ಮೊದಲು ಎತ್ತರ ನಿಲ್ಲುತ್ತದೆ. ಅದರ ಜೊತೆಗೇ ಗಮನ, ಮಾತು, ಕಲಿಕೆ ಹಿಂದೆ ಬೀಳುತ್ತವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ನೂರಕ್ಕೆ 65 ಮಂದಿಗೆ ರಕ್ತಹೀನತೆ. ಯಾದಗಿರಿ ಜಿಲ್ಲೆಯಲ್ಲಿ ಎತ್ತರ ಕುಂಠಿತವಾದ ಮಕ್ಕಳು ಅರ್ಧಕ್ಕಿಂತ ಹೆಚ್ಚು. ಸುತ್ತಲಿನ ಮಕ್ಕಳೆಲ್ಲ ಗಿಡ್ಡಕ್ಕೇ ಇದ್ದರೆ ಯಾರ ಕಣ್ಣಿಗೂ ಅದು ಕೊರತೆಯಾಗಿ ಕಾಣುವುದಿಲ್ಲ. ಅವರಪ್ಪನೂ ಕುಳ್ಳನೇ ಅಲ್ಲವೇ ಅನ್ನುತ್ತೇವೆ. ಆ ಅಪ್ಪ ಯಾವ ಬರಗಾಲದಲ್ಲಿ, ಏನು ತಿಂದು ಬೆಳೆದ ಎಂದು ಕೇಳುವುದಿಲ್ಲ.

ಸರಕಾರ ಏನೂ ಮಾಡಿಲ್ಲ ಎಂದು ಈ ಪೀಠದಿಂದ ಹೇಳಿದರೆ ಅದು ಸುಳ್ಳಾಗುತ್ತದೆ. ಅಂಗನವಾಡಿ ಯೋಜನೆ 1975ರಿಂದ ಇದೆ. ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಬಂದದ್ದು ನಮ್ಮ ಈಶಾನ್ಯ ಜಿಲ್ಲೆಗಳಿಗೇ. 2013ರಿಂದ ಹಾಲು, 2021ರ ಡಿಸೆಂಬರಿನಿಂದ ನಮ್ಮ ಕಡೆಯ ಮಕ್ಕಳಿಗೆ ಮೊಟ್ಟೆ. ಮೊಟ್ಟೆ ಬೇಕೋ ಬೇಡವೋ ಎಂದು ದೊಡ್ಡವರು ಜಗಳಾಡುವಾಗ ಮಕ್ಕಳೇ ಎದ್ದು ನಿಂತು ಬೇಕು ಎಂದರು, ನೆನಪಿದೆಯೇ? ಹಸಿದವರ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಇನ್ನಾವುದು ಬೇಕು! ಆದರೆ ಶಾಲೆಯ ಊಟ ಸಿಗುವುದು ಆರು ವರ್ಷಕ್ಕೆ. ಅದಕ್ಕೂ ಮೊದಲಿನ ಮಗು ಹೊಲದ ಬದುವಿನ ಮೇಲೆ ಜೋಲಿಯಲ್ಲಿರುತ್ತದೆ, ಇಲ್ಲವೇ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಮೂರು ವರ್ಷದೊಳಗಿನ ಕೂಸುಗಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವ ಯೋಜನೆ 2023ರಲ್ಲಿ ಬಂತು. ನಿಮ್ಮ ಊರಿನದು ನಡೆಯುತ್ತಿದೆಯೇ, ಬೀಗ ಬಿದ್ದಿದೆಯೇ, ಹೋಗಿ ನೋಡಿದ್ದೀರಾ?

ಆ ಎಂಟು ವರ್ಷದ ಅಕ್ಕನ ಬಗ್ಗೆ ಸ್ವಲ್ಪ ನಿಲ್ಲಬೇಕು. ಬಡವರ ಮನೆ ಇಂದಿಗೂ ನಿಂತಿರುವುದು ಅವಳ ಮೇಲೆ. ನೀರು, ಒಲೆ, ತಮ್ಮ-ತಂಗಿ, ಗುಳೆ ಹೋದ ಅಪ್ಪ-ಅವ್ವ ಬಿಟ್ಟುಹೋದ ಮುದಿ ಅಜ್ಜಿ, ಎಲ್ಲ ಅವಳ ಪಾಲು. ಒಳ್ಳೆಯ ಹುಡುಗಿ ಎಂದು ಓಣಿಯೆಲ್ಲ ಹೊಗಳುತ್ತದೆ. ಹೊಗಳುತ್ತಲೇ ಅವಳ ಸಾಲಿ ಬಿಡಿಸುತ್ತೇವೆ. ಹದಿನೈದು ತುಂಬುತ್ತಲೇ, ಒಂಟಿ ಹುಡುಗಿಯನ್ನು ಮನೆಯಲ್ಲಿ ಬಿಟ್ಟು ಗುಳೆ ಹೋಗುವುದು ಹೇಗೆ ಎಂಬ ಭಯಕ್ಕೆ ಮದುವೆ. ಅದೇ ಸಮೀಕ್ಷೆ ಹೇಳುವಂತೆ ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮೈ ಬೆಳೆಯುವ ಮೊದಲೇ ತಾಯಿಯಾದವಳ ಕೂಸು ತೂಕ ಕಡಿಮೆಯಾಗಿ ಹುಟ್ಟುತ್ತದೆ. ಆ ಸಾವಿರ ದಿನಗಳ ಲೆಕ್ಕ ಮತ್ತೆ ಸಾಲದಿಂದಲೇ ಶುರು.

ಈಗ ತಂದೆತಾಯಿಗಳ ಮಾತಿಗೆ ಬರುತ್ತೇನೆ. ಬಡವರು ದುಡ್ಡನ್ನು ಸರಿಯಾಗಿ ಬಳಸುವುದಿಲ್ಲ, ಮಕ್ಕಳ ಮೇಲೆ ನಿಗಾ ಇಡುವುದಿಲ್ಲ, ಮುಂದಾಲೋಚನೆಯಿಲ್ಲ ಎಂಬ ಮಾತು ನಮ್ಮ ಸಭೆಯ ಉಳ್ಳವರ ಬಾಯಲ್ಲೂ ಬರುತ್ತದೆ. ಪಕ್ಕದ ತಮಿಳುನಾಡಿನಲ್ಲಿ ಕೆಲವು ವಿದ್ವಾಂಸರು 464 ಕಬ್ಬು ಬೆಳೆಗಾರರಿಗೆ ಒಂದು ಪರೀಕ್ಷೆ ಮಾಡಿದರು. ಅದು ಪ್ರಕಟವಾದದ್ದು 2013ರಲ್ಲಿ. ಕಟಾವಿಗೆ ಮೊದಲು, ಕೈ ಬರಿದಾಗಿರುವಾಗ ಬುದ್ಧಿಗೆ ಸಂಬಂಧಿಸಿದ ಕೆಲವು ಪ್ರಶ್ನೆ ಕೊಟ್ಟರು. ಕಟಾವು ಮುಗಿದು ಹಣ ಬಂದ ಮೇಲೆ ಅದೇ ರೈತರಿಗೆ ಮತ್ತೆ ಕೊಟ್ಟರು. ಹಣ ಬಂದ ಮೇಲೆ ಅವರು ಹೆಚ್ಚು ಚೆನ್ನಾಗಿ ಉತ್ತರಿಸಿದರು. ಮನುಷ್ಯ ಅವನೇ, ತಲೆ ಅದೇ. ಮೊದಲು ಆ ತಲೆಯ ತುಂಬ ಸಾಲ ಕುಳಿತಿತ್ತು. ನಾಳೆಯ ಕಂತು ಎಲ್ಲಿಂದ ತರಲಿ ಎಂದು ಯೋಚಿಸುತ್ತಿರುವ ತಾಯಿಗೆ ಮಗು ಬಂದು, ಅವ್ವಾ ಇಲ್ಲಿ ನೋಡು ಎಂದಾಗ ಅವಳ ಕಣ್ಣು ನೋಡುತ್ತದೆ, ಮನಸ್ಸು ನೋಡುವುದಿಲ್ಲ. ಮಗುವಿಗೆ ಅದು ಗೊತ್ತಾಗುತ್ತದೆ. ಎರಡು ಸಾರಿ ಕರೆದು ಮೂರನೆಯ ಸಾರಿ ಕರೆಯುವುದನ್ನೇ ಬಿಟ್ಟ ಮಕ್ಕಳಿದ್ದಾರೆ.

ಕುಡಿತವನ್ನು ನಾನು ಈ ಪೀಠದಿಂದ ಎಷ್ಟೋ ಸಾರಿ ಖಂಡಿಸಿದ್ದೇನೆ, ಮುಂದೆಯೂ ಖಂಡಿಸುತ್ತೇನೆ. ಹೆಂಡತಿಯ ಮೇಲೆ, ಮಕ್ಕಳ ಮೇಲೆ ಎತ್ತಿದ ಕೈಗೆ ಬಡತನ ನೆಪವಾಗಲಾರದು. ಇದೇ ಬಡತನದಲ್ಲಿ ಒಂದು ದಿನವೂ ಕೈಯೆತ್ತದ ತಂದೆಯರು ಈ ಸಭೆಯಲ್ಲಿ ಇದ್ದಾರೆ. ಆದರೆ ಆರು ತಿಂಗಳು ಊರು ಬಿಟ್ಟು ತಗಡಿನ ಶೆಡ್ಡಿನಲ್ಲಿ ಮಲಗಿ, ಉಗಾದಿಗೆ ಬಂದಾಗ ಸ್ವಂತ ಕೂಸೇ ಗುರುತು ಹಿಡಿಯದೆ ಅಳುತ್ತಾ ಅಜ್ಜಿಯ ಸೆರಗು ಹಿಡಿದುಕೊಂಡರೆ ಆ ಗಂಡಸಿನ ಎದೆಯೊಳಗೆ ಏನಾಗುತ್ತದೆ ಎಂಬುದನ್ನೂ ಸಭೆ ತಿಳಿಯಬೇಕು. ಬೈಯುವುದಕ್ಕೆ ನಮ್ಮಲ್ಲಿ ಹಿರಿಯರು ಬೇಕಾದಷ್ಟಿದ್ದಾರೆ. ಅವನ ಪಕ್ಕದಲ್ಲಿ ಕೂಡುವವರು ಕಡಿಮೆ.

ಎಲೀಷ ಏನು ಮಾಡಿದ ನೋಡಿರಿ. ನಿನ್ನ ಗಂಡ ಸಾಲ ಯಾಕೆ ಮಾಡಿದ ಎಂದು ಅವನು ಕೇಳಲಿಲ್ಲ. ನಿನಗಾಗಿ ನಾನೇನು ಮಾಡಲಿ ಎಂದು ಮೊದಲು ಕೇಳಿದ. ಆಮೇಲೆ ಮನೆಯಲ್ಲಿ ಏನಿದೆ ಎಂದು ಕೇಳಿದ. ಏನೂ ಇಲ್ಲ, ಒಂದು ಮೊಗೆ ಎಣ್ಣೆ ಬಿಟ್ಟರೆ ಎಂದಳು. ದೇವರ ಕೆಲಸ ಆ ಒಂದು ಮೊಗೆಯಿಂದಲೇ ಶುರುವಾಯಿತು.

ಬಡವರ ಮನೆಯಲ್ಲಿ ಏನೋ ಇದ್ದೇ ಇದೆ, ಅದು ನಮಗೆ ಕಾಣುವುದಿಲ್ಲ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಬಡ ಓಣಿಗಳಲ್ಲಿ 1986-87ರಲ್ಲಿ, ಎತ್ತರ ಕುಂಠಿತವಾದ 129 ಕೂಸುಗಳನ್ನು ಕೆಲವು ವಿದ್ವಾಂಸರು ಆರಿಸಿಕೊಂಡರು. ಒಂಬತ್ತು ತಿಂಗಳಿಂದ ಎರಡು ವರ್ಷದ ಕೂಸುಗಳು. ಅವುಗಳಲ್ಲಿ ಕೆಲವು ಕೂಸುಗಳ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಸಹಾಯಕಿ ಹೋಗಿ, ಒಂದು ತಾಸು ಕುಳಿತು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟಳು. ಎರಡು ವರ್ಷ, ಅಷ್ಟೇ. ಇಪ್ಪತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ನೋಡಿದರೆ, ಆ ಮಕ್ಕಳು ಬೆಳೆದು ಗಳಿಸುತ್ತಿದ್ದುದು ಅಂಥ ಭೇಟಿ ಸಿಗದ ಮಕ್ಕಳಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ಆ ತಾಯಂದಿರ ಬಾಯಲ್ಲಿ ಮಾತು, ಕೈಯಲ್ಲಿ ಆಟ ಮೊದಲೇ ಇತ್ತು. ಯಾರೋ ವಾರಕ್ಕೊಮ್ಮೆ ಬಂದು ಜೊತೆಯಲ್ಲಿ ಕುಳಿತರು. ನಮ್ಮ ಅಜ್ಜಿಯರ ಜೋಗುಳ, ಬೀಸುವ ಪದ, ಕುಂಟೆಬಿಲ್ಲೆ, ಗಜಗ, ಇವೆಲ್ಲ ಮಗುವಿನ ಮಿದುಳಿಗೆ ಊಟವೇ. ಅಂಗಡಿಯಿಂದ ತರಬೇಕಾದ್ದೇನೂ ಇಲ್ಲ. ತಾಯಿಗೆ ಬೇಕಾದದ್ದು ಚಿಂತೆಯಿಲ್ಲದ ಒಂದು ತಾಸು. ಆ ಒಂದು ತಾಸನ್ನೇ ಸಾಲ ಕಿತ್ತುಕೊಂಡಿದೆ.

ಎಲೀಷ ಮುಂದೆ ಹೇಳಿದ್ದು ನೆರೆಯವರ ಬಗ್ಗೆ. ಹೋಗಿ ನಿನ್ನ ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತೆಗೆದುಕೋ, ಸ್ವಲ್ಪವೇ ಸಾಲದು ಎಂದ. ಯೋಚಿಸಿರಿ. ಸಾಲಗಾರಳಾದ ವಿಧವೆ ಬಾಗಿಲಿಗೆ ಬಂದು ಇನ್ನೊಂದು ಕಡ ಕೇಳಿದಾಗ ಆ ಓಣಿಯವರು ಕೊಟ್ಟರು. ಆ ಮೊಗೆಯ ಎಣ್ಣೆಯನ್ನು ಒಂದೊಂದೇ ಪಾತ್ರೆಗೆ ಹೊಯ್ಯುತ್ತಾ ಹೋಗಿ, ಕೊನೆಯ ಪಾತ್ರೆ ತುಂಬಿದ ಮೇಲೆ ಮಗನಿಗೆ ಇನ್ನೊಂದು ತಾ ಎಂದಳು, ಇನ್ನಿಲ್ಲ ಎಂದ, ಎಣ್ಣೆ ನಿಂತಿತು. ದೇವರು ನಿಲ್ಲಿಸಿದ್ದು ಪಾತ್ರೆ ಮುಗಿದಾಗ. ಆ ಮನೆಗೆ ಎಷ್ಟು ಎಣ್ಣೆ ಸಿಕ್ಕಿತೆಂಬುದನ್ನು ಓಣಿಯವರ ಕೈ ತೀರ್ಮಾನಿಸಿತು. ಪ್ರಿಯರೇ, ನಮ್ಮ ಸಭೆಯ ಬಡ ಮಕ್ಕಳ ಬೆಳವಣಿಗೆ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಇದೇ ಉತ್ತರ. ಅವರಿಗಾಗಿ ನಾವು ಮಾಡುವ ಪ್ರಾರ್ಥನೆಗೆ ನಾವು ಹಿಡಿದುಕೊಂಡು ಹೋದ ಪಾತ್ರೆಗಳೆಷ್ಟು?

ಆ ಮೇಲೆ ಎಲೀಷ ಬಾಗಿಲು ಮುಚ್ಚಿಕೋ ಎಂದ. ನೀನು ಮತ್ತು ನಿನ್ನ ಮಕ್ಕಳು ಮಾತ್ರ ಒಳಗಿರಿ ಎಂದ. ಅದ್ಭುತ ನೋಡಲು ಊರಿನವರಿಗೆ ಕರೆಯಿಲ್ಲ, ಪ್ರವಾದಿ ಸ್ವತಃ ಅಲ್ಲಿಲ್ಲ. ಕ್ರಿಸ್ಮಸ್ ಸಮಯದಲ್ಲಿ ನಾವು ಕಂಬಳಿ, ನೋಟ್‌ಬುಕ್ ಹಂಚುತ್ತೇವೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಪೊಟ್ಟಣ ಕೊಟ್ಟು, ಬ್ಯಾನರಿನ ಮುಂದೆ ಫೋಟೋ ತೆಗೆಯುತ್ತೇವೆ. ಆ ಮಗು ಮರುದಿನ ಅದೇ ತರಗತಿಯಲ್ಲಿ ಕೊಟ್ಟವರ ಮಗುವಿನ ಪಕ್ಕ ಕೂಡಬೇಕು. ಇನ್ನು ಮುಂದೆ ಈ ಸಭೆಯಲ್ಲಿ ಯಾವ ಮಗುವಿನ ಕೈಗೆ ಏನು ಕೊಟ್ಟರೂ ಫೋಟೋ ಬೇಡ. ಮನೆಯ ಬಾಗಿಲ ಒಳಗೆ, ತಾಯಿಯ ಕೈಯಲ್ಲಿ ಕೊಡೋಣ. ತಾಯಿ ಮಗುವಿಗೆ ಕೊಡಲಿ. ಪಾಠದ ಮನೆಯಲ್ಲೂ ಹುಡುಗರು ಕೆಲಸ ಮಾಡಿದರು, ಪಾತ್ರೆ ತಂದುಕೊಟ್ಟರು. ಆದರೆ ಅವ್ವನ ಜೊತೆ, ತಮ್ಮ ಮನೆಯಲ್ಲಿ, ತಮ್ಮ ಬಿಡುಗಡೆಗಾಗಿ.

ಇನ್ನು ಒಂದು ಕಹಿ ಮಾತಿದೆ, ಅದನ್ನು ಹೇಳದೆ ಇಳಿದರೆ ನಾನು ನನ್ನ ಸೇವೆಗೆ ದ್ರೋಹ ಮಾಡಿದಂತೆ. ಆ ಸಾಲ ಕೊಟ್ಟವನು ಯಾರು? ಅವನೂ ಇಸ್ರಾಯೇಲ್ಯನೇ ಇರಬೇಕು. ಬಡವನಿಂದ ಬಡ್ಡಿ ತೆಗೆದುಕೊಳ್ಳಬೇಡ ಎಂಬ ಮೋಶೆಯ ಕಟ್ಟಳೆ ಆ ಜನರಲ್ಲಿತ್ತು. ನೆಹೆಮೀಯನ ಪುಸ್ತಕದ 5ನೇ ಅಧ್ಯಾಯದಲ್ಲೂ ಇದೇ ಕೂಗು: ಹೊಲ ಅಡವಿಟ್ಟೆವು, ದ್ರಾಕ್ಷೆತೋಟ ಅಡವಿಟ್ಟೆವು, ಈಗ ನಮ್ಮ ಗಂಡು ಹೆಣ್ಣು ಮಕ್ಕಳನ್ನು ದಾಸತ್ವಕ್ಕೆ ಕೊಡುತ್ತಿದ್ದೇವೆ ಎಂದು ಬಡವರು ಅತ್ತರು. ಅತ್ತದ್ದು ಹೊರಗಿನವರ ವಿರುದ್ಧ ಅಲ್ಲ, ಸ್ವಂತ ಸಹೋದರರ ವಿರುದ್ಧ. ನೆಹೆಮೀಯನಿಗೆ ಸಿಟ್ಟು ಬಂತು. ತಾನೂ ತನ್ನವರೂ ಸಾಲ ಕೊಟ್ಟವರೇ ಎಂದು ಸಭೆಯ ಮುಂದೆಯೇ ಹೇಳಿ, ಬಡ್ಡಿಯನ್ನು ಬಿಡೋಣ, ಹೊಲಗಳನ್ನು ಇವತ್ತೇ ಹಿಂದಕ್ಕೆ ಕೊಡಿ ಎಂದ.

ನಮ್ಮ ರಾಜ್ಯದಲ್ಲಿ ಕಿರುಸಾಲದವರ ಕಿರುಕುಳಕ್ಕೆ ಜನ ಊರು ಬಿಟ್ಟಾಗ, ಜೀವ ಬಿಟ್ಟಾಗ, 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಬೆದರಿಸಿ ವಸೂಲಿ ಮಾಡುವುದು ಈಗ ಜೈಲಿಗೆ ಹೋಗುವ ಅಪರಾಧ. ಇದನ್ನು ಗುಟ್ಟಾಗಿಡಬೇಡಿ, ಕಂತಿಗೆ ಹೆದರಿ ಅಡಗುವ ತಾಯಿಗೆ ಹೇಳಿರಿ. ಆದರೆ ಕಂಪನಿಯವರನ್ನು ಬೈದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಕೈಸಾಲವನ್ನು ನೂರಕ್ಕೆ ಮೂರು, ನೂರಕ್ಕೆ ಐದರ ತಿಂಗಳ ಬಡ್ಡಿಗೆ ಕೊಡುವವರು ಸಭೆಗಳಲ್ಲೂ ಇದ್ದಾರೆ. ಹತ್ತಿ ಬಿಡಿಸಲು ಮಕ್ಕಳಾದರೆ ಕೂಲಿ ಕಡಿಮೆ ಎಂದು ಲೆಕ್ಕ ಹಾಕುವ ಹೊಲದವರೂ ಇದ್ದಾರೆ. ಅವರು ಕಾಣಿಕೆ ಪೆಟ್ಟಿಗೆಗೆ ಹಾಕುವ ನೋಟಿಗೆ ನಾನು ಇಷ್ಟು ದಿನ ಆಶೀರ್ವಾದ ಕೇಳುತ್ತಾ ಬಂದಿದ್ದೇನೆ. ಇನ್ನು ಮುಂದೆ ಹಾಗೆ ಕೇಳಲು ನನ್ನಿಂದಾಗದು.

ಪಾಠ ಮುಗಿಯುವುದು ಎಲೀಷನ ಎರಡು ಮಾತಿನಿಂದ: ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ. ಸಾಲ ತೀರಿದರೆ ಸಾಕು ಎಂದು ಅವನು ಎಣಿಸಲಿಲ್ಲ. ಮರುದಿನದ ರೊಟ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ.

ಆದ್ದರಿಂದ ನಾನು ಕೇಳುವುದು ಇಷ್ಟು. ಈ ವರ್ಷದ ಸುಗ್ಗಿ ಹಬ್ಬದ ಹರಾಜಿನ ಹಣದಲ್ಲಿ ದೇವಾಲಯದ ಮುಂದೆ ಕಮಾನು ಕಟ್ಟಬೇಕೆಂದು ಕಮಿಟಿಯಲ್ಲಿ ಮಾತಾಗಿದೆ. ಕಮಾನು ಕಾಯಲಿ. ಆ ಹಣದಿಂದ, ಬಡ್ಡಿಯಿಲ್ಲದೆ, ಮಕ್ಕಳನ್ನು ಕೂಲಿಗೆ ಕಳಿಸಿದ ಮನೆಗಳ ಕಂತು ಮೊದಲು ತೀರಲಿ. ಗುಳೆ ಹೋಗುವವರು ಹೊರಡುವ ಮೊದಲು ನಿಮ್ಮ ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿ, ಸಾಲಿ ತಪ್ಪಿಸುವುದು ಬೇಡ ಎಂದು ಹೇಳಲು ಹತ್ತು ಮನೆಗಳಾದರೂ ಮುಂದೆ ಬರಲಿ. ಮಹಿಳಾ ಸಂಘದ ತಾಯಂದಿರು ವಾರಕ್ಕೊಂದು ತಾಸು, ಎರಡು ವರ್ಷದೊಳಗಿನ ಕೂಸಿರುವ ಒಂದೊಂದು ಮನೆ ಹಿಡಿಯಲಿ. ಬುದ್ಧಿ ಹೇಳಲು ಹೋಗಬೇಡಿ, ಕೂಸಿನ ಜೊತೆ ಆಡಲು ಹೋಗಿ, ಅಷ್ಟು ಹೊತ್ತು ಆ ತಾಯಿ ಬೆನ್ನು ಚಾಚಲಿ. ಕೆಲಸಕ್ಕೆ ಹಚ್ಚಿದ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಸಂಕೋಚ ಬೇಡ, ಹೊಲ ನಮ್ಮವರದೇ ಆಗಿದ್ದರೂ ಮಾಡಿ. ಬಡ್ಡಿಗೆ ಹಣ ಬಿಟ್ಟವರು ಯಾರಿಗೂ ತಿಳಿಯದಂತೆ ನನ್ನ ಬಳಿಗೆ ಬನ್ನಿ, ಕುಳಿತು ಮಾತಾಡೋಣ. ಸಾಲಿ ಬಿಟ್ಟ ಮಕ್ಕಳ ಹೆಸರುಗಳನ್ನು ಮುಂದಿನ ಭಾನುವಾರದೊಳಗೆ ಓಣಿ ಓಣಿಯ ಹಿರಿಯರು ಬರೆದು ತನ್ನಿರಿ. ಹತ್ತಿ ಬಿಡಿಸುವ ಕೆಲಸ ಈಗಾಗಲೇ ಶುರುವಾಗಿದೆ.